ನ್ಯೂಟ್ರಾನ್ ನಕ್ಷತ್ರದೊಳಗೆ ಹರಿಹರದ ಬಸ್ಸು

ಕರೆಂಟು ಹೋಗಬಹುದಿತ್ತು. ಕರೆಂಟಿದ್ದು ಪ್ರೊಜೆಕ್ಟರ್ ಕೈಕೊಡಬಹುದಿತ್ತು. ಎರಡೂ ಸರಿಯಿದ್ದು ನನ್ನ ಗಂಟಲು ಕಟ್ಟಬಹುದಿತ್ತು. ಧಾರವಾಡದ ಕಡೆಯಿಂದ ಬರಬೇಕಿದ್ದ ಪರೀಕ್ಷಕಿ ರೈಲಿನಲ್ಲಿ ನಿದ್ದೆ ಹೋಗಿ, ದಾವಣಗೆರೆ ದಾಟಿ ಚಿಕ್ಕಜಾಜೂರಿನಲ್ಲಿ ಎಚ್ಚರಗೊಳ್ಳಬಹುದಿತ್ತು. ನಿದ್ದೆಯನ್ನೇ ಮಾಡದೆ ನನ್ನ ಪಿಎಚ್‌ಡಿ ಪ್ರಬಂಧವನ್ನು ಪೂರ್ತಿ ಓದಿಕೊಂಡು ಬರಬಹುದಿತ್ತು. ಅದು ಇನ್ನೂ ಅಪಾಯ. ಅದೇ ಬೆಳಿಗ್ಗೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಕಪ್ಪು ದ್ರವ್ಯ ಎಂಬುದೇ ಇಲ್ಲವೆಂದು ಸಾಧಿಸಿ ಕೈತೊಳೆದುಕೊಳ್ಳಬಹುದಿತ್ತು. ಪಿಯುಸಿ ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ಹೇಳಿಕೊಡುತ್ತ ಬಂದ ಯಾವುದೋ ಸುಲಭದ ಸೂತ್ರ ಕೇಳಿದಾಗ ನಾಲಿಗೆ ಮೇಲೆ ಬಾರದೆ ಹೋಗಬಹುದಿತ್ತು. ಮಳೆಗೆ ಸಭಾಂಗಣದ ಸೂರು ಸೋರಬಹುದಿತ್ತು. ನಮ್ಮ ಯಜಮಾನರ ಅಕ್ಕ ಗಿರಿಜಕ್ಕ ಲೋಕಿಕೆರೆಯಿಂದ ಬರಬಹುದಿತ್ತು. ಬಂದವಳು ಎದ್ದು ನಿಂತು ಪ್ರಶ್ನೆ ಕೇಳಬಹುದಿತ್ತು.

ಇವುಗಳಲ್ಲಿ ಕೊನೆಯ ಎರಡು ಆದವು. ಆದರೂ ಅವನ್ನು ಕೆಟ್ಟದ್ದರ ಲೆಕ್ಕಕ್ಕೆ ಸೇರಿಸಲಾರೆ. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಗಂಡ ಬಸವರಾಜ್‌ಗೆ ವಿನೋಬನಗರದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿಯಿದೆ. ಯಾವ ಭಾಗ ಯಾವಾಗ ಸವೆಯುತ್ತದೆಂದು ಹೇಳುವುದೇ ಅವರ ಕಸುಬು. ಆದರೂ ಜೀವನದಲ್ಲಿ ಏನಾದರೂ ಸವೆದೀತು ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವರಲ್ಲ. ನಾನು ಅದರ ತದ್ವಿರುದ್ಧ. "ಲೇ, ನಿನ್ನ ತಲಿ ಒಳಗ ದಿನಾ ಒಂದು ರೈಲು ಹಳಿ ತಪ್ಪತೈತೆ. ಊರಾಗ ನೋಡಿದ್ರ ಎಲ್ಲಾ ರೈಲೂ ಕರೆಕ್ಟಾಗಿ ಬರ್ತಾವು" ಎನ್ನುತ್ತಾರೆ. "ನಾನು ಚಿಂತೆ ಮಾಡೋದಕ್ಕೇ ಅವು ಕರೆಕ್ಟಾಗಿ ಬರೋದು" ಎಂದು ನಾನು ಉತ್ತರಿಸುತ್ತೇನೆ. ಇದನ್ನು ತಪ್ಪೆಂದು ತೋರಿಸುವ ಪ್ರಯೋಗವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.

ಈಗ ನನಗೆ ದಾವಣಗೆರೆಯ ಕಾಲೇಜಿಗೇ ವರ್ಗವಾಗಿದೆ. ದಿನಾ ಹರಿಹರದ ಬಸ್ಸು ಹಿಡಿಯುವುದು ತಪ್ಪಿದೆ. ಮೊನ್ನೆ ಅಲ್ಲಿಯ ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆಂದು ಬಹಳ ದಿನದ ಮೇಲೆ ಬಸ್ ನಿಲ್ದಾಣಕ್ಕೆ ಹೋದೆ. ಜಿಟಿಜಿಟಿ ಮಳೆ. ಬಸ್ಸು ಇನ್ನೂ ನಿಂತಿರಲಿಲ್ಲ; ಕಿಟಕಿಯ ಸರಳುಗಳ ನಡುವಿನಿಂದ ಟವೆಲ್ಲು, ಕರ್ಚೀಪು, ಒಂದು ಛತ್ರಿ, ಯಾರದೋ ಊಟದ ಬ್ಯಾಗು ಒಳಗೆ ಬಿದ್ದವು. ಹತ್ತಿದಾಗ ಒದ್ದೆ ಟವೆಲ್ಲಿನ ವಾಸನೆ, ಅದರ ಜೊತೆಗೆ ಯಾರದೋ ಕಾಗದದ ಪೊಟ್ಟಣದಿಂದ ಬಿಸಿ ಮೆಣಸಿನಕಾಯಿ ಬಜ್ಜಿಯ ವಾಸನೆ. ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನ್ನ ಎದೆ ಹದಿನಾರರ ಹುಡುಗಿಯ ಎದೆಯಂತೆ ಹೊಡೆದುಕೊಳ್ಳತೊಡಗಿತು. ಪಕ್ಕದವರು "ಬಿಪಿ ಐತೇನ್ರಿ?" ಎಂದು ಕೇಳಿದರು. ಐತೆ. ಆದರೆ ಇದು ಅದಲ್ಲ. ನನಗೆ ಎರಡು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು.

ಆಗ ನನಗೆ ನಲವತ್ತೆಂಟು ತುಂಬಿತ್ತು. ಹರಿಹರದ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ. ದಿನಾ ದಾವಣಗೆರೆಯಿಂದ ಹೋಗಿ ಬರುವುದು. ಅದರ ನಡುವೆ, ಯಾರೂ ಕೇಳದಿದ್ದರೂ, ಪಿಎಚ್‌ಡಿಗೆ ಹೆಸರು ನೋಂದಾಯಿಸಿಕೊಂಡಿದ್ದೆ. ಯಾಕೆ ಎಂದು ಊರೆಲ್ಲ ಕೇಳಿದರು. ಬಡ್ತಿಗಾ? ಅಲ್ಲ. ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಳ್ಳುವುದಕ್ಕಾ? ಅದೊಂದಿಷ್ಟು ಇತ್ತು, ಸುಳ್ಳೇಕೆ ಹೇಳಲಿ. ನಿಜವಾದ ಕಾರಣ ಬೇರೆ. ವರ್ಷವರ್ಷವೂ ಎಲ್ಲರಿಗೂ ಗೊತ್ತಿರುವುದನ್ನೇ ಪಾಠ ಮಾಡಿದ ನನಗೆ, ಸಾಯುವ ಮುಂಚೆ, ಯಾರಿಗೂ ಇನ್ನೂ ಗೊತ್ತಿಲ್ಲದ ಒಂದೇ ಒಂದು ಸಂಗತಿಯನ್ನು ನಾನೇ ಮೊದಲು ತಿಳಿದುಕೊಳ್ಳಬೇಕೆಂಬ ಆಸೆ ಹತ್ತಿಕೊಂಡಿತ್ತು. ಇಂಥ ಆಸೆಯನ್ನು ಮನೆಯಲ್ಲಿ ಹೇಳುವುದು ಕಷ್ಟ. ಚಿನ್ನದ ಆಸೆ ಸಲೀಸು.

ನನ್ನ ಮಾರ್ಗದರ್ಶಕ ಕಿರಣ್ ನನ್ನದೇ ಹಳೆಯ ವಿದ್ಯಾರ್ಥಿ. ದೇವರಾಜ ಅರಸು ಬಡಾವಣೆಯ ಹುಡುಗ. ಪಿಯುಸಿಯಲ್ಲಿ ನನ್ನ ಕಿರುಪರೀಕ್ಷೆಯೊಂದರಲ್ಲಿ ಡುಮ್ಕಿ ಹೊಡೆದಿದ್ದ. ಈಗ ಊರಾಚೆಯ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ನಾನು ಅವನನ್ನು ಸರ್ ಎನ್ನಬೇಕು, ಅವನು ನನ್ನನ್ನು ಮೇಡಂ ಎನ್ನುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಎದ್ದು ನಿಲ್ಲುತ್ತಿದ್ದೆವು. ಹಾಗಾಗಿ ನಮ್ಮ ಚರ್ಚೆಗಳೆಲ್ಲ ಶುರುವಾಗುವುದಕ್ಕೇ ಹೊತ್ತು ಹಿಡಿಯುತ್ತಿತ್ತು.

ವಿಷಯ ಇದು. ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತಾಗ ನಡುವಿನ ತಿರುಳು ಕುಸಿದು, ಸೂರ್ಯನಿಗಿಂತ ಸ್ವಲ್ಪ ಹೆಚ್ಚೇ ಇರುವ ದ್ರವ್ಯ ಒಂದು ಊರಿನಷ್ಟು ಗಾತ್ರಕ್ಕೆ ಹಿಂಡಿಕೊಳ್ಳುತ್ತದೆ. ಅದು ನ್ಯೂಟ್ರಾನ್ ನಕ್ಷತ್ರ. ಗಾತ್ರ ಎಷ್ಟೆಂದರೆ, ದಾವಣಗೆರೆ ನಿಲ್ದಾಣದಿಂದ ಹೊರಟು, ಹರಿಹರದಲ್ಲಿ ಹೊಳೆ ದಾಟಿ, ರಾಣೆಬೆನ್ನೂರಿನ ದಾರಿಯಲ್ಲಿ ಇನ್ನೊಂದಿಷ್ಟು ಹೋದರೆ ಆ ನಕ್ಷತ್ರ ಮುಗಿಯಿತು. ಇದನ್ನು ಮೊದಲ ಸಲ ಲೆಕ್ಕ ಹಾಕಿದ ದಿನ ನನಗೆ ರೋಮಾಂಚನವಾಯಿತು. ನಾನು ದಿನಾ ಓಡಾಡುವ ದಾರಿ ಪೂರ್ತಿ ಒಂದು ನ್ಯೂಟ್ರಾನ್ ನಕ್ಷತ್ರದ ಹೊಟ್ಟೆಯೊಳಗೆ ಹಿಡಿಯುತ್ತದೆ!

ಇನ್ನು ಕಪ್ಪು ದ್ರವ್ಯ. ಗ್ಯಾಲಕ್ಸಿಗಳು ತಿರುಗುವ ರಭಸಕ್ಕೆ ಕಣ್ಣಿಗೆ ಕಾಣುವ ನಕ್ಷತ್ರಗಳ ತೂಕ ಸಾಲದು; ಕಾಣದ್ದು ಏನೋ ಇದೆ, ಕಾಣುವುದಕ್ಕಿಂತ ಎಷ್ಟೋ ಪಟ್ಟು ಇದೆ. ಅದಕ್ಕೆ ಬೆಳಕಿಲ್ಲ. ಅದು ಯಾವುದಕ್ಕೂ ತಾಗುವುದಿಲ್ಲ ಎನ್ನುವಷ್ಟು ಅಪರೂಪಕ್ಕೆ ತಾಗುತ್ತದೆ. ಇದನ್ನು ಓದುತ್ತಿರುವ ನಿಮ್ಮ ಮೂಲಕವೂ ಈಗ ಹಾದು ಹೋಗುತ್ತಿರಬಹುದು, ಹೇಳದೆ ಕೇಳದೆ. ಭೂಮಿಯ ಮೇಲೆ ಅದನ್ನು ಹಿಡಿಯಲು ಆಳದ ಗಣಿಗಳಲ್ಲಿ ಯಂತ್ರಗಳನ್ನಿಟ್ಟು ಕಾದಿದ್ದಾರೆ, ಸಿಕ್ಕಿಲ್ಲ. ಆದರೆ ನ್ಯೂಟ್ರಾನ್ ನಕ್ಷತ್ರದ ಬಳಿ ಬಂದ ಕಣದ ಕಥೆ ಬೇರೆ. ಅದರ ಸೆಳೆತಕ್ಕೆ ಕಣ ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಒಳಗೆ ನುಗ್ಗುತ್ತದೆ. ಒಳಗೆ ಇರುವ ಒತ್ತೊತ್ತಿನಲ್ಲಿ ಎಲ್ಲಾದರೂ ಒಂದು ಸಲ ತಾಗಿತೋ, ಮುಗಿಯಿತು, ಮತ್ತೆ ಹೊರಗೆ ಹೋಗುವಷ್ಟು ಕಸುವು ಉಳಿಯುವುದಿಲ್ಲ. ವಿನೋಬನಗರದ ಮುಖ್ಯರಸ್ತೆಯಲ್ಲಿ ನೀವು ತಲೆ ತಗ್ಗಿಸಿಕೊಂಡು ಹೊರಟಿದ್ದೀರಿ ಎಂದುಕೊಳ್ಳಿ. ಒಬ್ಬರೇ ಒಬ್ಬರು "ಬರ್ರಿ, ಕೂಡ್ರಿ, ಚಾ ಕುಡ್ದು ಹೋಗ್ರಂತೆ" ಎಂದರೆ ಸಾಕು. ಅವತ್ತಿಗೆ ನೀವು ಅಲ್ಲೇ.

ಹೀಗೆ ಸಿಕ್ಕ ಕಣಗಳು ತಾಗುತ್ತ ತಾಗುತ್ತ ತಮ್ಮ ರಭಸವನ್ನು ನಕ್ಷತ್ರಕ್ಕೆ ಬಿಟ್ಟುಕೊಡುತ್ತವೆ. ಕೋಟಿಕೋಟಿ ವರ್ಷಗಳಿಂದ ತಣ್ಣಗಾಗುತ್ತ ಬಂದ ಮುದಿ ನಕ್ಷತ್ರ ಪೂರ್ತಿ ಆರಿ ಹೋಗದೆ, ಕುಲುಮೆಯಲ್ಲಿ ಕಬ್ಬಿಣ ಹೊಳೆಯುವಷ್ಟು ಬಿಸಿಯಲ್ಲಿ ಉಳಿಯಬಹುದು. ನಕ್ಷತ್ರದ ಲೆಕ್ಕದಲ್ಲಿ ಅದು ಉಗುರುಬೆಚ್ಚಗೆ. ಆದರೆ ಯಾವತ್ತಾದರೂ ಒಂದು ದೊಡ್ಡ ದೂರದರ್ಶಕಕ್ಕೆ ಆ ಬಿಸಿ ಕಂಡರೆ, ಕಾಣದ ದ್ರವ್ಯದ ಕೈಬೆರಳಿನ ಗುರುತು ಕಂಡ ಹಾಗೆ. ನನ್ನ ಪ್ರಬಂಧವೆಲ್ಲ ಈ ಬಿಸಿಯ ಮೇಲೆ ನಿಂತಿತ್ತು.

ಆ ವರ್ಷ ಜೂನ್‌ನಲ್ಲಿ ಅದು ಕುಸಿಯಿತು.

ಕಿರಣ್ ಕರೆಸಿದ. ಎದ್ದು ನಿಂತ. ನಾನೂ ನಿಂತೆ. "ಮೇಡಂ, ಕೂಡ್ರಿ. ನಂಬರ್ ಚೆನ್ನಾಗಿ ಬಂದಿಲ್ಲ."

"ಎಷ್ಟು ಚೆನ್ನಾಗಿ ಬಂದಿಲ್ಲ ಸರ್?"

"ನೀವು ತಗೊಂಡಿರೋ ಕಣ ಒಳಗ ಸಿಕ್ಕಮ್ಯಾಲೆ ತಣ್ಣಗಾಗಿ ಒಂದ್ಕಡೆ ಕೂಡ್ಬೇಕಲ್ಲ, ಅದಕ್ಕೆ ಬೇಕಾಗೋ ಟೈಮು..." ಕನ್ನಡಕ ತೆಗೆದು ಒರೆಸಿದ. "ವಿಶ್ವದ ವಯಸ್ಸು ಸಾಲಲ್ಲ ಮೇಡಂ."

"ನಂಗೆ ಯೂನಿವರ್ಸಿಟಿ ಕೊಟ್ಟಿರೋ ವಾಯಿದೆ ದಸರಾ ತನಕ" ಎಂದೆ.

ಅವನು ನಗಲಿಲ್ಲ. ಅದು ನಗುವ ಮಾತೂ ಆಗಿರಲಿಲ್ಲ. ಕೊನೆಯ ವಿಸ್ತರಣೆ ಅದು. ದಸರೆಯೊಳಗೆ ಮೌಖಿಕ ಪರೀಕ್ಷೆ ಮುಗಿಯದಿದ್ದರೆ ನನ್ನ ನೋಂದಣಿ ರದ್ದು. ಆರು ವರ್ಷದ ಕೆಲಸ ಅಟ್ಟಕ್ಕೆ.

ತೊಡಕು ಎಲ್ಲಿತ್ತೆಂದು ಹೇಳಬೇಕು. ನಕ್ಷತ್ರದೊಳಗೆ ನ್ಯೂಟ್ರಾನುಗಳು ಸುಮ್ಮನೆ ಒತ್ತಿಕೊಂಡಿಲ್ಲ. ಒಂದೊಂದಕ್ಕೂ ಒಂದೊಂದು ಸ್ಥಾನ. ಒಂದರ ಸ್ಥಾನಕ್ಕೆ ಇನ್ನೊಂದು ಬರುವಂತಿಲ್ಲ, ಇದು ಪ್ರಕೃತಿಯ ಕಟ್ಟುಪಾಡು. ಕೆಳಗಿನ ಸ್ಥಾನಗಳೆಲ್ಲ ಭರ್ತಿ. ಹೊರಗಿನಿಂದ ಬಂದ ಕಣ ಒಂದು ನ್ಯೂಟ್ರಾನನ್ನು ಮೆಲ್ಲಗೆ ತಳ್ಳಿತು ಎನ್ನಿ. ಆ ನ್ಯೂಟ್ರಾನ್ ಎಲ್ಲಿಗೆ ಹೋಗಬೇಕು? ಪಕ್ಕದ ಸ್ಥಾನ ಖಾಲಿಯಿಲ್ಲ, ಅದರ ಪಕ್ಕದ್ದೂ ಇಲ್ಲ. ಹಾಗಾಗಿ ಆ ತಳ್ಳುವಿಕೆಯೇ ನಡೆಯುವುದಿಲ್ಲ. ಜೋರಾಗಿ ತಳ್ಳಿದರೆ ಮಾತ್ರ ಎದ್ದು ಮೇಲಿನ ಖಾಲಿ ಜಾಗಕ್ಕೆ ಹೋದೀತು. ಆದ್ದರಿಂದ ಕಣ ನಿಧಾನವಾಗುತ್ತ ಬಂದ ಹಾಗೆ ಅದರ ಉಳಿದ ಚೂರುಪಾರು ಕಸುವನ್ನು ತೆಗೆದುಕೊಳ್ಳುವವರೇ ಇಲ್ಲ. ಕೂರಬೇಕೆಂದರೂ ಕೂರಲಾರದೆ ಅದು ಒಳಗೊಳಗೇ ತೂಗಾಡುತ್ತಿರುತ್ತದೆ. ಕೂರದಿದ್ದರೆ ಬಿಸಿ ಎಲ್ಲಿಯದು? ಬಿಸಿಯಿಲ್ಲದಿದ್ದರೆ ನನ್ನ ನಾಲ್ಕನೆಯ ಅಧ್ಯಾಯ ಎಲ್ಲಿಯದು?

ಆ ಒಂದು ತಿಂಗಳು ನಾನು ಏನು ತಿಂದೆ, ಯಾರಿಗೆ ಏನು ಪಾಠ ಮಾಡಿದೆ, ಒಂದೂ ನೆನಪಿಲ್ಲ. ಮಳೆ ಮಾತ್ರ ನೆನಪಿದೆ. ಸುರಿಯುವ ಮಳೆಯಲ್ಲ, ಗಾಳಿಗೆ ಅಡ್ಡಡ್ಡ ಬರುವ ತುಂತುರು. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಹಗ್ಗ. ಗಿರಿಜಕ್ಕ ಒಂದು ಭಾನುವಾರ ಲೋಕಿಕೆರೆಯಿಂದ ಎಳೆಯ ಮೆಕ್ಕೆಜೋಳದ ತೆನೆ ತಂದಳು. ಹಗ್ಗಗಳ ಕೆಳಗೆ ಬಗ್ಗಿ ಒಳಗೆ ಬಂದು, ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ ನನ್ನನ್ನು ನೋಡಿ, "ಯಾಕಲೇ ಬಸಣ್ಣ, ಇಕಿ ಹಿಂಗ್ಯಾಕ ಸೊರಗ್ಯಾಳ?" ಎಂದು ತಮ್ಮನನ್ನು ಕೇಳಿದಳು.

"ನಕ್ಷತ್ರದಾಗ ಒಂದು ಕಣ ಸಿಕ್ಕಾಕ್ಕೆಂಡೈತಂತೆ ಅಕ್ಕ. ಅದು ಕೂಡಂಗಿಲ್ಲಂತೆ."

"ಅದು ಕೂಡ್ಲಿ ಬಿಡ್ಲಿ, ಇಕಿಯಾರ ಕೂಡ್ಲಿ. ಒಂದು ತೆನಿ ಸುಟ್ಟು ಕೊಡು ಮದ್ಲು."

ಸುಟ್ಟ ತೆನೆ ತಿಂದೆ. ಅಧ್ಯಾಯ ಹಾಗೇ ಇತ್ತು. ಬೇರೆ ಜಾತಿಯ ಕಣ ಹಿಡಿದು ಲೆಕ್ಕ ಮಾಡಿದೆ, ಅದಕ್ಕೂ ಅದೇ ಉತ್ತರ. ಕಿರಣ್‌ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಮೇಷ್ಟ್ರಾಗಿ ಆ ಸಂತೋಷವಾದರೂ ಸಿಗಲೆಂದು. ಸಿಗಲಿಲ್ಲ, ಹುಡುಗ ಚೆನ್ನಾಗಿ ಕಲಿತುಬಿಟ್ಟಿದ್ದ.

ಆಷಾಢ ಮುಗಿಯುತ್ತ ಬಂದಿತ್ತು. ಅವತ್ತು ಬೆಳಿಗ್ಗೆ ಹರಿಹರದ ಬಸ್ಸಿಗೆ ಎಂದಿಗಿಂತ ಹೆಚ್ಚು ಜನ. ನಾನು ಹತ್ತುವಷ್ಟರಲ್ಲಿ ನಿಂತವರ ನಡುವೆ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಆದರೆ ಕಣ್ಣೆದುರೇ ಮೂರು ಸೀಟು ಖಾಲಿ, ಮೂರರ ಮೇಲೂ ಟವೆಲ್ಲು. ಕೂರಲು ಹೋದ ಒಬ್ಬರನ್ನು ಕಿಟಕಿಯ ಕಡೆಯ ಹೆಂಗಸು ತಡೆದಳು.

"ಟವೆಲ್ ಹಾಕೀವಿ, ಕಾಣಲ್ವೇನ್ರಿ?"

"ಟವೆಲ್ ಕಾಣತೈತೆ ತಾಯಿ, ಮನುಷ್ಯ ಎಲ್ಲಿ?"

"ಚಾ ಕುಡ್ಯಾಕ ಹೋಗ್ಯಾರ, ಬರ್ತಾರ."

ನಮ್ಮ ಕಡೆ ಇದರ ಮೇಲೆ ಅಪೀಲಿಲ್ಲ. ಟವೆಲ್ಲು ಬಿದ್ದ ಸೀಟು ತುಂಬಿದ ಸೀಟು. ಚಾ ಕುಡಿದವರು ಬಂದು ಕೂತರು, ಬಸ್ಸು ಹೊರಟಿತು. ನಿಲ್ದಾಣದ ಗೇಟು ದಾಟುವಾಗ ಒಬ್ಬ ಧಡೂತಿ ಆಸಾಮಿ, ಹೆಗಲ ಮೇಲೆ ಮಂಡಕ್ಕಿಯ ದೊಡ್ಡ ಚೀಲ ಹೊತ್ತು, ಓಡುತ್ತ ಬಂದು ಹಾರಿ ಹತ್ತಿದ. ಹತ್ತಿದ ರಭಸಕ್ಕೆ ಬಾಗಿಲಲ್ಲಿದ್ದವರು ಒಳಗೆ, ಒಳಗಿದ್ದವರು ಇನ್ನೂ ಒಳಗೆ. ಎರಡು ಸೀಟಿನವರು ಚೀಲದ ಏಟಿಗೆ ಎದ್ದೇ ನಿಂತರು. "ಏ, ಕಣ್ಣು ಎಲ್ಲಿಟ್ಟೀಯಪ್ಪ?" "ಚೀಲದ ಹಿಂದ ಐತ್ರಿ, ಕಾಣವಲ್ದು!" "ಒಳಗ ನಡೀರಿ, ಒಳಗ ನಡೀರಿ" ಎಂದು ಕಂಡಕ್ಟರ್. ಮತ್ತೊಂದು ನೂಕು, ಮತ್ತೊಂದು ಬೈಗುಳ. ಕೊನೆಗೆ ಆತ ನನ್ನ ಪಕ್ಕ ಬಂದು ಸಿಕ್ಕಿಕೊಂಡ. ಅಲ್ಲಿಂದ ಮುಂದೆ ಅವನಿಗೂ ಏನೂ ಮಾಡುವುದಕ್ಕಿರಲಿಲ್ಲ. ಬಸ್ಸು ಬಳುಕಿದಾಗ ಒಂದಿಷ್ಟು ಈ ಕಡೆ, ಒಂದಿಷ್ಟು ಆ ಕಡೆ. ಅವನು ಮೆಲ್ಲಗೆ ಒರಗಿದರೆ ಯಾರೂ ಸರಿಯುತ್ತಿರಲಿಲ್ಲ, ಸರಿಯಲು ಜಾಗವೇ ಇಲ್ಲ.

ಆಗ ಹಿಂದಿನಿಂದ ಯಾರೋ ಅಂದರು: "ಏನ್ ಕುದಿ ಐತ್ರಿ ಇದು! ಹೊರಗ ಥಂಡಿ, ಒಳಗ ಹಂಚು ಕಾದಂಗೈತೆ. ಇನ್ನೂ ದೊಡ್ಡಬಾತಿ ಬಂದಿಲ್ಲ!"

ದೊಡ್ಡಬಾತಿ ಹರಿಹರಕ್ಕೆ ಮುಂಚೆ ದಾರಿಯಲ್ಲಿ ಸಿಗುವ ಊರು. ಕಿಟಕಿಯ ಗಾಜುಗಳನ್ನು ನೋಡಿದೆ. ಹಬೆ ಹಿಡಿದು ಬೆಳ್ಳಗಾಗಿದ್ದವು. ಮಂಡಕ್ಕಿಯವನನ್ನು ನೋಡಿದೆ. ತೂಗಾಡುತ್ತಿದ್ದ.

ಬಸ್ಸು ಆಗಲೇ ಕಾದಿದೆ. ಈ ಮನುಷ್ಯ ಇನ್ನೂ ಕೂತಿಲ್ಲ, ಹರಿಹರದವರೆಗೂ ಕೂರುವುದಿಲ್ಲ, ರಾಣೆಬೆನ್ನೂರಿನವರೆಗೆ ಹೋದರೂ ಕೂರುವುದಿಲ್ಲ. ಆದರೆ ಬಸ್ಸನ್ನು ಕಾಯಿಸಿದ್ದು ಅವನ ಕೂರುವಿಕೆಯಲ್ಲ. ಹತ್ತಿದಾಗಿನ ಆ ಮೊದಲ ನಾಲ್ಕು ನೂಕು! ತಂದ ರಭಸವನ್ನೆಲ್ಲ ಗೇಟಿನ ಹತ್ತಿರವೇ ಕೊಟ್ಟು ಮುಗಿಸಿದ್ದಾನೆ. ಉಳಿದಿರುವುದು ಈ ಚೂರು ತೂಗಾಟ. ಅದನ್ನು ಯಾರೂ ತೆಗೆದುಕೊಳ್ಳದಿದ್ದರೆ ಕಳೆದುಕೊಂಡದ್ದೇನು? ನಾವು ಒಂದು ತಿಂಗಳಿಂದ ಕಣ ಯಾವಾಗ ಕೂರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆವು. ಕೇಳಬೇಕಾದ ಪ್ರಶ್ನೆ ಅದಲ್ಲವೇ ಅಲ್ಲ.

"ಕೂಡೋದೇ ಬ್ಯಾಡ!" ಎಂದು ಕೂಗಿಬಿಟ್ಟೆ.

ಮಂಡಕ್ಕಿಯವನು ನನ್ನತ್ತ ಬೇಸರದಿಂದ ನೋಡಿದ. "ನೀವು ಕೂಡ್ರಿ ಅಂದ್ರೂ ಜಾಗ ಇಲ್ಲ ಬಿಡ್ರಿ ಅಕ್ಕಾರ."

ಆ ಒತ್ತಾಟದಲ್ಲೇ ಫೋನು ತೆಗೆದು ಕಿರಣ್‌ಗೆ ಹಚ್ಚಿದೆ. "ಸರ್! ಬಸ್ಸು ದೊಡ್ಡಬಾತಿಗಿಂತ ಮುಂಚೇನೇ ಕಾದು ಹೋಗೈತೆ!"

"ಅಯ್ಯೋ, ಇಳಿದುಬಿಡ್ರಿ ಮೇಡಂ! ಎಂಜಿನ್ನಿಂದ ಹೊಗೆ ಬರ್ತೈತಾ?"

"ಎಂಜಿನ್ ಅಲ್ರಿ, ನಕ್ಷತ್ರ! ಕಣ ಕೂಡೋದು ಬ್ಯಾಡ. ಮೊದಲ ಏಟುಗಳಲ್ಲಿ ಎಷ್ಟು ಶಕ್ತಿ ಬಿಡ್ತೈತೆ ಅನ್ನೋದನ್ನ ಬೇರೆ ತೆಗೀರಿ. ಬಿಸಿ ಆಗೋಕೆ ಬೇಕಾಗೋ ಕಾಲ ಬೇರೆ, ಕೂಡೋಕೆ ಬೇಕಾಗೋ ಕಾಲ ಬೇರೆ. ಎರಡು ಗಡಿಯಾರ ಸರ್, ನಾವು ಒಂದೇ ಅಂತ ತಿಳ್ಕೊಂಡಿದ್ವಿ!"

ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಟವೆಲ್ಲಿನ ಹೆಂಗಸು ಎದ್ದು, "ಬರ್ರಿ, ನೀವು ಇಲ್ಲಿ ಕೂಡ್ರಿ ಸ್ವಲ್ಪ, ನೀರು ಕುಡೀರಿ" ಎಂದಳು. ಹರಿಹರದ ಬಸ್ಸಿನಲ್ಲಿ ಟವೆಲ್ಲು ಹಾಕಿದ ಸೀಟು ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೊನೆಗೆ ಫೋನಿನಲ್ಲಿ ಕಿರಣ್ ಮೆಲ್ಲಗೆ ಅಂದ: "ಮೇಡಂ, ಕಾಲೇಜಿಗೆ ರಜಾ ಹಾಕಿ ಬಂದುಬಿಡ್ತೀರಾ?"

ಹರಿಹರದಲ್ಲಿ ಇಳಿದು, ಎದುರಿನ ಬಸ್ಸಿನಲ್ಲೇ ವಾಪಸು ಬಂದೆ. ಕಿರಣ್‌ನ ಕೋಣೆಯಲ್ಲಿ ಅವತ್ತು ಯಾರೂ ಎದ್ದು ನಿಲ್ಲಲಿಲ್ಲ. ಪ್ರೋಗ್ರಾಮು ತಿದ್ದಿ ಓಡಿಸಿದೆವು. ಪರದೆಯ ಮೇಲೆ ಗೆರೆ ಮೂಡುತ್ತ ಬಂತು: ಮೊದಲು ಬಾವಿಯ ಗೋಡೆಯ ಹಾಗೆ ನೆಟ್ಟಗೆ ಕೆಳಕ್ಕೆ, ಆಮೇಲೆ ಉದ್ದೋ ಉದ್ದ, ಎಲ್ಲೂ ಮುಗಿಯದ ಬಾಲ. ಬಿಸಿಯೆಲ್ಲ ಆ ಗೋಡೆಯಲ್ಲಿತ್ತು. ನಕ್ಷತ್ರದ ಆಯುಸ್ಸಿಗೆ ಹೋಲಿಸಿದರೆ ಕಣ್ಣು ಮಿಟುಕಿಸುವಷ್ಟು ಹೊತ್ತಿನಲ್ಲಿ ಕಣ ತನ್ನ ಬಹುಪಾಲು ರಭಸವನ್ನು ಬಿಟ್ಟುಕೊಟ್ಟುಬಿಟ್ಟಿತ್ತು. ಕಿರಣ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, "ಮೇಡಂ, ಮೇಡಂ, ಮೇಡಂ" ಎಂದ. ಮಂಡಕ್ಕಿ ಮೆಣಸಿನಕಾಯಿ ತರಿಸಿದೆವು. ಗ್ರಾಫಿನ ಮೊದಲ ಪ್ರತಿಯ ಮೇಲೆ ಎಣ್ಣೆಯ ಕಲೆಯಾಯಿತು. ನನಗೆ ಕುಣಿಯಬೇಕೆನಿಸಿತು, ಮಂಡಿನೋವು ನೆನಪಾಗಿ ಕೂತೆ.

ಮನೆಯಲ್ಲಿ ಕೇಳಿ ಬಸವರಾಜ್ ಅಂದರು: "ಬಸ್ಸಿನಾಗ ಹೊಳೀತಾ? ನಾನು ಅಷ್ಟು ಸಲ ಸ್ಕೂಟರ್ ಕಲಿಸ್ತೀನಿ ಅಂದ್ನಲ್ಲ. ಕಲ್ತಿದ್ರ ಹೋಗಿತ್ತು ನೋಡು ನಿನ್ನ ನಕ್ಷತ್ರ."

ಮರುದಿನದಿಂದ ಹೊಸ ಚಿಂತೆ ಶುರುವಾಯಿತು. ಇಷ್ಟು ಸರಳವಾದದ್ದು ಬೇರೆ ಯಾರಿಗೂ ಹೊಳೆದಿರದೆ ಇರುತ್ತದೆಯೆ? ಹುಡುಕಿದಾಗ, ಬೇರೆ ದೇಶದವರೂ ಬೇರೆ ಕಣಗಳಿಗೆ ಇದೇ ದಿಕ್ಕಿನ ಲೆಕ್ಕ ಮಾಡಿದ್ದು ಸಿಕ್ಕಿತು. ನನ್ನ ಮುಖ ಸಣ್ಣದಾಯಿತು. "ಅವರಿಗೂ ಹಿಂಗೇ ಬಂದೈತೆ ಅಂದ್ರೆ ನಮ್ದು ಸರಿ ಐತೆ ಅಂತ ಮೇಡಂ" ಎಂದ ಕಿರಣ್. "ನಿಮ್ಮ ಕಣಕ್ಕೆ ಇನ್ನೂ ಯಾರೂ ಮಾಡಿಲ್ಲ." ಹೌದಲ್ಲ! ನನ್ನ ಕಣದ ಮಟ್ಟಿಗೆ, ಆ ಬೆಳಿಗ್ಗೆ, ದೊಡ್ಡಬಾತಿಯ ಈಚೆಗೆ, ಆ ಸಂಗತಿ ಗೊತ್ತಿದ್ದದ್ದು ಇಡೀ ಭೂಮಿಯಲ್ಲಿ ನನಗೊಬ್ಬಳಿಗೆ. ಈಗ ಬರೆಯುವಾಗಲೂ ಕೈ ಬೆಚ್ಚಗಾಗುತ್ತದೆ.

ಆಗಸ್ಟು, ಸೆಪ್ಟೆಂಬರು ಬರೆದದ್ದೇ ಬರೆದದ್ದು. ಕೊನೆಯ ಅಧ್ಯಾಯ ನಕ್ಷತ್ರದ ಹೊರಗಿನದು. ಕಪ್ಪು ದ್ರವ್ಯ ಬಹಳ ಹಗುರವಾದ ಬೇರೊಂದು ಜಾತಿಯ ಕಣವಾಗಿದ್ದರೆ, ನಕ್ಷತ್ರದ ಭಾರಿ ಕಾಂತಕ್ಷೇತ್ರ ಅದನ್ನು ತನ್ನ ಸುತ್ತಲೇ ಹುಟ್ಟಿಸಬಲ್ಲದು. ಹುಟ್ಟಿದವುಗಳಲ್ಲಿ ಮಂದಗತಿಯವು ಹೊರಗೆ ಹೋಗಲಾರದೆ ಸುತ್ತಲೂ ನಿಂತು, ಲಕ್ಷಾಂತರ ವರ್ಷಗಳಲ್ಲಿ ದಟ್ಟ ಮೋಡದಂತೆ ಕೂಡಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ರೇಡಿಯೋ ಅಲೆಯಾಗಿ ಮಾರ್ಪಟ್ಟರೆ ನಮಗೆ ಕೇಳಿಸಲೂಬಹುದು. ಒಳಗೆ ನುಗ್ಗಿ ಸಿಕ್ಕಿಬಿದ್ದವು ಒಂದು ಬಗೆ, ಬಾಗಿಲಲ್ಲೇ ನಿಂತು ಗುಂಪುಗೂಡಿದವು ಇನ್ನೊಂದು ಬಗೆ. ಇದಕ್ಕೆ ಉಪಮೆ ಹುಡುಕಲು ನಾನು ಬೇರೆಲ್ಲೂ ಹೋಗಬೇಕಿರಲಿಲ್ಲ. ಸಂಜೆ ನಮ್ಮ ಬೀದಿಯ ಮೆಣಸಿನಕಾಯಿ ಗಾಡಿಯ ಸುತ್ತ ನೋಡಿದ್ದರೆ ಸಾಕಿತ್ತು.

ಮೌಖಿಕ ಪರೀಕ್ಷೆ ದಸರೆಗೆ ಒಂದು ವಾರ ಮೊದಲು. ಅದು ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಬರಬಹುದು ಎಂಬ ನಿಯಮವನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ವಿಶ್ವವಿದ್ಯಾಲಯದವರು ಬರೆಯುವ "ಸರ್ವರಿಗೂ ಸ್ವಾಗತ" ಎಂಬುದನ್ನು ನಮ್ಮ ಓಣಿಯವರು ಅಕ್ಷರಶಃ ತೆಗೆದುಕೊಂಡರು. ಟೆಂಪೋ ಮಾಡಿಕೊಂಡು ಬಂದರು. ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆಯುಟ್ಟ ಗಿರಿಜಕ್ಕ. ಅದಕ್ಕೂ ಮುಂಚೆ ಯಾರೋ ಬಂದು ಮೂರು ಕುರ್ಚಿಗಳ ಮೇಲೆ ಟವೆಲ್ಲು ಹಾಕಿ ಹೋಗಿದ್ದರು.

ಕರೆಂಟು ಹೋಗಲಿಲ್ಲ. ಪ್ರೊಜೆಕ್ಟರು ಬೆಳಗಿತು. ಪರೀಕ್ಷಕಿ ರೈಲಿನಿಂದ ದಾವಣಗೆರೆಯಲ್ಲೇ ಇಳಿದಿದ್ದರು. ನಾನು ಬಾಯಿ ತೆರೆದೆ, ದನಿ ಬಂತು. ಆಮೇಲೆ ಏನಾಯಿತೋ ತಿಳಿಯದು, ನನ್ನನ್ನು ನಿಲ್ಲಿಸುವುದೇ ಕಷ್ಟವಾಯಿತು. ಎರಡು ಗಡಿಯಾರಗಳ ಗೆರೆಯನ್ನು ತೋರಿಸುವಾಗ ನಾನು ಕೈಯಾಡಿಸಿದ ರಭಸಕ್ಕೆ ಪರದೆಯೇ ಅಲುಗಿತು. ಪರೀಕ್ಷಕಿ ಕಷ್ಟದ ಪ್ರಶ್ನೆಗಳನ್ನೇ ಕೇಳಿದರು. ನಾನು ಚಿಂತೆ ಮಾಡಿ ಮಾಡಿ ಅದಕ್ಕಿಂತ ಕಷ್ಟದವನ್ನು ನನಗೇ ಕೇಳಿಕೊಂಡಾಗಿತ್ತು.

"ಸಭೆಯಿಂದ ಯಾರಾದರೂ?" ಎಂದು ಅವರು ಕೇಳಿದಾಗ ಗಿರಿಜಕ್ಕ ಎದ್ದಳು.

"ಒಂದು ಕೇಳ್ಲೇನವ್ವ?"

"ಕೇಳ್ರಿ ತಾಯಿ, ಅದಕ್ಕ ಕುಂತೇವಿ" ಎಂದರು ಧಾರವಾಡದವರು.

"ಬಂದದ್ದೆಲ್ಲ ಹಿಂಗ ಒಳಗ ಸೇರ್ಕೆಂತ ಹೋದ್ರ, ಒಂದಿನ ಅದರ ಹೊಟ್ಟಿ ಒಡಿಯಂಗಿಲ್ಲೇನು?"

ಸಭೆ ನಕ್ಕಿತು. ಪರೀಕ್ಷಕಿ ನಗಲಿಲ್ಲ, ನನ್ನತ್ತ ತಿರುಗಿದರು. "ಹೊಟ್ಟಿ ಒಡಿಯಲ್ಲ ಅಕ್ಕ" ಎಂದೆ. "ಒಳಕ್ಕೆ ಕುಸೀಬಹುದು. ಬಂದವೆಲ್ಲ ನಡುವೆ ಕೂತು ಬಹಳ ತೂಕ ಆದ್ರೆ ಅಲ್ಲೊಂದು ಸಣ್ಣ ಕಪ್ಪು ರಂಧ್ರ ಹುಟ್ಟಿ, ನಕ್ಷತ್ರನ ಒಳಗಿಂದಾನೇ ತಿಂದುಬಿಡ್ತೈತೆ. ಆದ್ರೆ ಬಹಳ ಹಳೇ ನ್ಯೂಟ್ರಾನ್ ನಕ್ಷತ್ರಗಳು ಇನ್ನೂ ಗಟ್ಟಿಮುಟ್ಟಾಗಿ ಇದ್ದಾವೆ. ಹಂಗಾಗಿ, ಅಷ್ಟು ಬೇಗ ಕೂತು ಗುಡ್ಡೆ ಆಗೋ ಜಾತಿಯದ್ದಲ್ಲ ಈ ಕಪ್ಪು ದ್ರವ್ಯ ಅಂತ ನಾವು ತಿಳ್ಕೋಬಹುದು."

"ನಿನ್ನ ಕಣ ಕೂಡಂಗೇ ಇಲ್ಲಲ್ಲ ಮತ್ತ?"

"ಅದೇ ಅಕ್ಕ! ಬಿಸಿ ಇವತ್ತೇ ಮಾಡ್ತೈತೆ, ಅಪಾಯ ಮಾತ್ರ ಮುಂದಕ್ಕೆ ಹಾಕ್ತೈತೆ."

"ಹಳೇವು ಗಟ್ಟಿ ಅದಾವಲ್ಲ, ಅಷ್ಟು ಸಾಕು ಬಿಡು" ಎಂದು ಗಿರಿಜಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಪರೀಕ್ಷಕಿ ಕಿರಣ್ ಕಡೆಗೆ ಬಾಗಿ, "ನಾನು ಕೇಳಬೇಕಂತ ಇದ್ದ ಕಡೇ ಪ್ರಶ್ನಿ ಇದ್ರಾಗ ಬಂದುಹೋತು" ಎಂದದ್ದು ನನಗೂ ಕೇಳಿಸಿತು.

ಆಮೇಲೆ ಪದ್ಧತಿಯಂತೆ ನನ್ನನ್ನು ಹೊರಗೆ ಕಳಿಸಿದರು. ಪರೀಕ್ಷಕರು ತಮ್ಮೊಳಗೆ ಮಾತಾಡಿ, ಅಭ್ಯರ್ಥಿಯನ್ನು ಒಳಗೆ ಕರೆದು, ಎಲ್ಲರ ಮುಂದೆ ಫಲಿತಾಂಶ ಹೇಳುತ್ತಾರೆ. ಆರು ವರ್ಷ ನಾನು ಮನಸ್ಸಿನಲ್ಲಿ ಕಂಡದ್ದು ಆ ಒಂದೇ ಗಳಿಗೆಯನ್ನು: ಬಾಗಿಲು ತೆರೆಯುವುದು, ನಾನು ಒಳಗೆ ನಡೆಯುವುದು, ಜನ ಎದ್ದು ಚಪ್ಪಾಳೆ ಹೊಡೆಯುವುದು. ವರಾಂಡದಲ್ಲಿ ನಿಂತೆ. ಕೆಡಬಹುದಾದದ್ದನ್ನೆಲ್ಲ ಒಂದೊಂದಾಗಿ ನೆನೆದೆ, ಒಂದೂ ಕೆಟ್ಟಿರಲಿಲ್ಲ. ಕೈ ಖಾಲಿಯಾದಂತೆ ಆಯಿತು. ಅಷ್ಟರಲ್ಲಿ ಹೊಳೆಯಿತು: ಪರೀಕ್ಷಕಿಗೆ ಸಂಜೆಯ ರೈಲಿದೆ. ಆಟೋ ಹೇಳಿದ್ದೆವಲ್ಲ, ಬಂದಿದೆಯೋ ಇಲ್ಲವೋ? ಒಂದು ನಿಮಿಷ, ನೋಡಿಕೊಂಡು ಬಂದರಾಯಿತು ಎಂದು ಮೆಟ್ಟಿಲಿಳಿದು ಗೇಟಿನವರೆಗೆ ಓಡಿದೆ. ಆಟೋ ಬಂದಿತ್ತು. ಅದರ ಚಕ್ರದಲ್ಲಿ ಗಾಳಿ ಸ್ವಲ್ಪ ಕಮ್ಮಿ ಇದ್ದ ಹಾಗೆ ನನಗೆ ಕಂಡಿತು. ಚಾಲಕನ ಜೊತೆ ಆ ವಿಷಯ ಮಾತಾಡುತ್ತಿದ್ದೆ.

ಹಿಂದೆ ಮೇಲಂತಸ್ತಿನ ಸಭಾಂಗಣದಿಂದ, ನಾನಿಲ್ಲದೆಯೇ, ದೊಡ್ಡ ಚಪ್ಪಾಳೆ. ಜೊತೆಗೆ ಸಿಳ್ಳೆ.

"ಏನ್ರಿ ಮೇಡಂ, ಯಾರಿಗೋ ಜೋರು ಚಪ್ಪಾಳಿ ಬಿತ್ತಲ್ಲ?" ಎಂದ ಆಟೋದವನು.

"ಬೀಳ್ಲಿ ಬಿಡಪ್ಪ, ಅದು ಒಳಗಿಂದು" ಎಂದು, ಬಗ್ಗಿ ಇನ್ನೊಂದು ಚಕ್ರವನ್ನೂ ಒತ್ತಿ ನೋಡಿದೆ.